ಹಬ್ಬದ ಸ್ಪೆಷಲ್‌ಗೆ ಯಾವ ಆಟ ಇಡಬೇಕು?

ಹಾಸನದ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಕಾರ್ಯಕ್ರಮ ನೋಡಿಕೊಳ್ಳುವ ಕೆಲಸ ನನ್ನದು. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಕ್ಯಾಮೆರಾ ಹುಡುಗ ಬರದಿದ್ದರೆ ಕ್ಯಾಮೆರಾ ನಾನೇ ಹಿಡಿಯಬೇಕು, ಆ್ಯಂಕರ್ ಗಂಟಲು ಕಟ್ಟಿದರೆ ಮೈಕೂ ನಾನೇ ಹಿಡಿಯಬೇಕು. ಮಾಮೂಲಿ ದಿನಗಳಲ್ಲಿ ಮಧ್ಯಾಹ್ನ ಅರ್ಧ ಗಂಟೆಯ ಒಂದು ಆಟದ ಕಾರ್ಯಕ್ರಮ ಇರುತ್ತದೆ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಗುಡಿ ಬಾಗಿಲು ತೆಗೆಯುತ್ತಾರಲ್ಲ, ಆಗ ನಮಗೆ ಸುಗ್ಗಿ. ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಬಾಗಿಲು. ಮನೆಮನೆಯಲ್ಲೂ ನೆಂಟರು. ಆ ದಿನಗಳಲ್ಲಿ ಸಂಜೆ ಏಳಕ್ಕೆ ಒಂದು ಗಂಟೆಯ ಸ್ಪೆಷಲ್, ಕಲ್ಯಾಣ ಮಂಟಪದಿಂದ ಲೈವ್.

ಮೊದಲ ವರ್ಷ ನಾನು ಮಾಡಿದ್ದು ಸುಲಭದ ದಾರಿ. ಮಧ್ಯಾಹ್ನ ಚೆನ್ನಾಗಿ ಓಡುತ್ತಿದ್ದ ಆಟಗಳನ್ನೇ ಎತ್ತಿಕೊಂಡು ಬಂದು ಬಹುಮಾನ ಮಾತ್ರ ದೊಡ್ಡದು ಮಾಡಿದೆ. ಗಾದೆ ಪೂರ್ತಿ ಮಾಡುವುದು, ಪದಬಂಧ, ಜಿಲ್ಲೆಯ ಬಗ್ಗೆ ಪ್ರಶ್ನೆ. ಕೊನೆಗೆ ಫ್ರಿಜ್. ಏಳೂವರೆಗೆ ಹಿಂದಿನ ಆರು ಸಾಲು ಖಾಲಿ. ವೇದಿಕೆ ಮೇಲೆ ಒಬ್ಬರು ಹಳೇಬೀಡಿನ ಪ್ರಶ್ನೆಗೆ ಕಣ್ಣು ಮುಚ್ಚಿ ಯೋಚಿಸುತ್ತಿದ್ದಾರೆ. ಅಷ್ಟೂ ಹೊತ್ತು ಕ್ಯಾಮೆರಾಗೆ ತೋರಿಸಲು ಇದ್ದದ್ದು ಅವರ ಹಣೆ ಮಾತ್ರ.

ಮನೆಗೆ ಹೋದರೆ ಅಮ್ಮ ಒಂದೇ ಮಾತು ಹೇಳಿದರು. "ಒಗ್ಗರಣೆ ಹಾಕಕ್ಕೆ ಅಂತ ಎದ್ದೋಗಿ ಬಂದ್ರೆ ನಿನ್ ಪ್ರೋಗ್ರಾಂನಲ್ಲಿ ಏನ್ ನಡೀತಿದೆ ಅಂತನೇ ಗೊತ್ತಾಗಲ್ಲ ಕಣೋ."

ನಮ್ಮ ಆಫೀಸಿನಲ್ಲಿ ಈಗ ಇದಕ್ಕೆ ಒಗ್ಗರಣೆ ಪರೀಕ್ಷೆ ಅಂತಲೇ ಹೆಸರು. ಸಂಜೆ ಟಿವಿ ಮುಂದೆ ಯಾರೂ ಸುಮ್ನೆ ಕೂತಿರುವುದಿಲ್ಲ. ಕುಕ್ಕರ್ ಕೂಗುತ್ತದೆ, ಬಾಗಿಲಲ್ಲಿ ಯಾರೋ ಬರುತ್ತಾರೆ. ಎದ್ದು ಹೋಗಿ ಬಂದವರಿಗೆ ಎರಡು ಸೆಕೆಂಡಿನಲ್ಲಿ ಯಾರು ಗೆಲ್ಲುತ್ತಿದ್ದಾರೆ, ಯಾರು ಸೋಲುತ್ತಿದ್ದಾರೆ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅದು ಸಂಜೆಯ ಆಟವೇ ಅಲ್ಲ.

ಆಮೇಲೆ ಕೂತು ಬೇರೆಯವರು ಏನು ಮಾಡುತ್ತಾರೆ ಅಂತ ನೋಡಿದೆ. ನನಗೆ ಜಾಸ್ತಿ ಕಲಿಸಿದ್ದು ಅಮೆರಿಕದ 'ದಿ ಪ್ರೈಸ್ ಈಸ್ ರೈಟ್'. ಸಾಮಾನಿನ ಬೆಲೆ ಊಹಿಸುವುದೇ ಅದರ ಬಂಡವಾಳ. ಈಗ ಬರುವ ರೂಪದಲ್ಲಿ ಅದು 1972ರಿಂದ ಅಲ್ಲಿನ ಸಿಬಿಎಸ್ ಚಾನೆಲ್‌ನಲ್ಲಿ ಹಗಲು ಹೊತ್ತು ಓಡುತ್ತಿದೆ. 2007ರವರೆಗೆ ಬಾಬ್ ಬಾರ್ಕರ್ ನಡೆಸಿಕೊಟ್ಟರು, ಅಲ್ಲಿಂದ ಡ್ರೂ ಕ್ಯಾರಿ. ಒಂದು ಗಂಟೆಯಲ್ಲಿ ಬೆಲೆಯ ಆಟ ಆರು. ಅವರ ಪೆಟ್ಟಿಗೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಟಗಳಿವೆ, ಅದರಲ್ಲಿ ಆರನ್ನು ಆರಿಸುತ್ತಾರೆ. ರಾತ್ರಿಯ ಸ್ಪೆಷಲ್‌ಗಳನ್ನು 1986ರಲ್ಲೂ ಮಾಡಿದ್ದರು, 2003ರಿಂದ ಮಿಲಿಯನ್ ಡಾಲರ್ ಆಸೆ ಹುಟ್ಟಿಸಿ ಮಾಡಿದರು, 2019ರ ಕೊನೆಗೆ ಮತ್ತೆ ಬೇರೆ ಹೆಸರಲ್ಲಿ ತಂದರು.

ರಾತ್ರಿಗೆ ಅಂತ ಅವರು ಹೊಸ ಆಟ ಹುಡುಕಿಕೊಂಡು ಹೋಗುವುದಿಲ್ಲ. ಜನಕ್ಕೆ ಬಾಯಿಪಾಠ ಆಗಿರುವ ಆಟವನ್ನೇ ತಂದು ಬಹುಮಾನ ಏರಿಸುತ್ತಾರೆ. 2003ರಲ್ಲಿ ಮಿಲಿಯನ್ ಇಟ್ಟಿದ್ದೂ ಹಗಲಿನ ಆಟದಲ್ಲಿ ಆಡುವವರು ತಿರುಗಿಸುವ, ಅಂಕಿ ಬರೆದ ಹಳೆಯ ದೊಡ್ಡ ಚಕ್ರದ ಮೇಲೆಯೇ. ಒಟ್ಟು ಸರಿಯಾಗಿ ಒಂದು ಡಾಲರ್ ಬಂದವರಿಗೆ ಇನ್ನೊಂದು ಸುತ್ತು, ಅದು ಒಂದು ಡಾಲರ್ ಗುರುತಿಗೇ ನಿಂತರೆ ಮಿಲಿಯನ್. ಚಕ್ರ ತಿರುಗುವುದನ್ನು ಯಾರಿಗಾದರೂ ವಿವರಿಸಬೇಕೇ? ನಾನೂ ಬಹುಮಾನ ಏರಿಸಿದ್ದೆ, ನಿಜ. ಆದರೆ ಕಣ್ಣಿಗೆ ಕಾಣದ ಆಟದ ಮೇಲೆ.

ಎರಡನೇ ವರ್ಷಕ್ಕೆ ಅವರ 'ಕ್ಲಿಫ್ ಹ್ಯಾಂಗರ್ಸ್' ಥರದ್ದು ಮಾಡೋಣ ಅಂದೆ. 1976ರಿಂದ ಆಡಿಸುತ್ತಿದ್ದಾರೆ. ಬೆಟ್ಟದ ಇಳಿಜಾರಿನಲ್ಲಿ ಒಂದು ಪುಟ್ಟ ಗೊಂಬೆ. ಮೂರು ಸಣ್ಣ ಸಾಮಾನಿನ ಬೆಲೆ ಹೇಳಬೇಕು. ಒಂದು ಡಾಲರ್ ತಪ್ಪಿದರೆ ಒಂದು ಹೆಜ್ಜೆ ಮೇಲೆ. ಒಟ್ಟು 25 ಹೆಜ್ಜೆ. ಅದು ದಾಟಿದರೆ ಗೊಂಬೆ ಪ್ರಪಾತಕ್ಕೆ. ನಮ್ಮ ಜಿಲ್ಲೆಗೆ ಬೆಟ್ಟ ಯಾಕೆ, ಅರಸೀಕೆರೆ ಕಡೆಯ ತೆಂಗಿನ ಮರ ಇರಲಿ ಅಂತ ನನಗೆ ಹೊಳೆಯಿತು. ಆಚಾರ್ರು ಹನ್ನೆರಡು ಅಡಿಯ ಪ್ಲೈವುಡ್ ಮರ ಮಾಡಿಕೊಟ್ಟರು. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಮನುಷ್ಯನ ಗೊಂಬೆ. ಹಿಂದೆ ರಾಟೆ, ಹಗ್ಗ, ಎಳೆಯಲು ಒಬ್ಬ ಹುಡುಗ. ಒಂದು ರೂಪಾಯಿಗೆ ಒಂದು ಗುರುತು.

ಲೈವ್‌ನಲ್ಲಿ ಆದದ್ದೇ ಬೇರೆ. ಒಬ್ಬರು ಅಕ್ಕ ಬಂದರು. ಸೋಪಿನ ಬೆಲೆ ಎಂಟು ರೂಪಾಯಿ ತಪ್ಪು ಹೇಳಿದರು. ಗೊಂಬೆ ಎಂಟು ಗುರುತು ಹತ್ತಿತು. ಮಂಟಪದ ತುಂಬ ಚಪ್ಪಾಳೆ, ಶಿಳ್ಳೆ! ಮರ ಹತ್ತುವುದು ಒಳ್ಳೆಯದು ತಾನೇ? "ಹತ್ತು, ಹತ್ತು" ಅಂತ ಮಕ್ಕಳು ಕೂಗುತ್ತಿದ್ದಾರೆ. ಆ ಅಕ್ಕ ಗೆಲ್ಲುತ್ತಿದ್ದೇನೆ ಅಂದುಕೊಂಡು ಜನಕ್ಕೆ ಕೈ ಮುಗಿದರು. ಆ್ಯಂಕರ್ ನಿಯಮ ವಿವರಿಸಲು ಹೋದಳು, ಶಿಳ್ಳೆಯಲ್ಲಿ ಏನೂ ಕೇಳಲಿಲ್ಲ. ಮೂರನೇ ಸಾಮಾನಿಗೆ ಗೊಂಬೆ ತುದಿ ದಾಟಿ ಧೊಪ್ಪನೆ ಕೆಳಗೆ ಬಿತ್ತು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಮರದಿಂದ ಬೀಳೋದು ಏನ್ ಆಟನಪ್ಪ ನಿಮ್ಗೆ?" ಅಂದರು. ನನಗೆ ಮುಖ ಎತ್ತಲು ಆಗಲಿಲ್ಲ. ತೆಂಗಿನ ಸೀಮೆಯಲ್ಲಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಯಾರಿಗಾದರೂ ಗೊತ್ತಿದ್ದೇ ಇರುತ್ತಾರೆ. ಅಲ್ಲಿ ಪ್ರಪಾತ ನೋಡಿ ನಗಬಹುದು, ಇಲ್ಲಿ ತೆಂಗಿನ ಮರ ನೋಡಿ ನಗಲಾಗುವುದಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಸಾಮಾನು ತುಂಬುವಾಗ ದಾರಿ ತೋರಿಸಿದ್ದು ಆಚಾರ್ರು. "ಮನುಷ್ಯನ್ನ ತೆಗ್ದಾಕಿ ಸಾರ್. ಕೋತಿ ಮಾಡ್ಕೊಡ್ತೀನಿ. ಕೋತಿ ಹತ್ತೋದ್ ಕಂಡ್ರೆ ನಮ್ ಜನ ಸುಮ್ನಿರ್ತಾರಾ?"

ಸುಮ್ಮನಿರಲಿಲ್ಲ. ಮುಂದಿನ ವರ್ಷ ಅದೇ ಮರ, ಮೇಲೆ ಎಳನೀರಿನ ಗೊನೆ, ಕೆಳಗೆ ಕೋತಿ. ಮೊದಲ ಗುರುತು ಹತ್ತುತ್ತಿದ್ದಂತೆ ಮಂಟಪದಲ್ಲಿ "ಹಚಾ! ಹಚಾ!" ಶುರು. ಯಾವ ನಿಯಮವನ್ನೂ ನಾವು ಹೇಳಿರಲೇ ಇಲ್ಲ. ಕೋತಿ ಎಳನೀರು ಮುಟ್ಟಿದರೆ ಕೆಟ್ಟಿತು ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಬೀಳುವ ಮಾತೂ ಇಲ್ಲ, ಗೊನೆ ಮುಟ್ಟಿದರೆ ತಮಟೆ ಢಂ ಅನ್ನುತ್ತದೆ ಅಷ್ಟೆ. ಒಗ್ಗರಣೆ ಹಾಕಿ ಬಂದು ಅಮ್ಮ ಕೇಳಿದ್ದು ಒಂದೇ: "ಇನ್ನೆಷ್ಟು ಉಳ್ದದೆ?"

ಬೆಲೆಯ ವಿಷಯದಲ್ಲೂ ಒಂದು ಪೆಟ್ಟು ತಿಂದೆ. ತರಕಾರಿ ಎಲ್ಲರಿಗೂ ಗೊತ್ತಿರುವುದು ಅಂತ ಒಂದು ಕೆಜಿ ಟೊಮ್ಯಾಟೊ ಇಟ್ಟಿದ್ದೆ. ಬೆಳಿಗ್ಗೆ ಮಂಟಪದ ಪಕ್ಕದ ಅಂಗಡಿಯಲ್ಲಿ ಮೂವತ್ತಕ್ಕೆ ತಂದಿದ್ದು. ಆಡಲು ಬಂದವರು ಇಪ್ಪತ್ತೆರಡು ಅಂದರು. ನಾವು ತಪ್ಪು ಅಂದೆವು. ಅರ್ಧ ಮಂಟಪ ಎದ್ದಿತು. "ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಇವತ್ತು ಇಪ್ಪತ್ತೆರಡೇ, ಬನ್ನಿ ತೋರಿಸ್ತೀವಿ!" ಅವರು ಹೇಳಿದ್ದೂ ಸರಿಯೇ. ಅಂದಿನಿಂದ ಎಂಆರ್‌ಪಿ ಅಚ್ಚಾಗಿರುವ ಪೊಟ್ಟಣ ಮಾತ್ರ ಇಡುತ್ತೇವೆ. ಉತ್ತರ ಹೇಳುವಾಗ ಪೊಟ್ಟಣವನ್ನು ಕ್ಯಾಮೆರಾ ಮುಂದೆ ತಿರುಗಿಸಿ ತೋರಿಸುತ್ತೇವೆ. ಅಂಗಡಿಯವರು ಎರಡು ರೂಪಾಯಿ ಕಮ್ಮಿಗೆ ಕೊಡುತ್ತಾರೆ ಅಂತ ಯಾರಾದರೂ ತಕರಾರು ತೆಗೆದರೂ, ಅಚ್ಚಾಗಿದ್ದೇ ಲೆಕ್ಕ.

ಕೊನೆಯ ಆಟ ಅದೇ ಅಮೆರಿಕದವರ ಪ್ಲಿಂಕೋ ಥರದ ಹಲಗೆ. 1983ರಲ್ಲಿ ಬಂದ ಈ ಆಟಕ್ಕೆ ಅಲ್ಲಿ ಅಭಿಮಾನಿಗಳೇ ಬೇರೆ. ಮೊಳೆಗಳ ಮಧ್ಯೆ ಬಿಲ್ಲೆ ಬಿಡುತ್ತಾರೆ, ತಟತಟ ಬಡಿದುಕೊಂಡು ಕೆಳಗಿನ ಒಂಬತ್ತು ಖಾನೆಗಳಲ್ಲಿ ಒಂದಕ್ಕೆ ಬೀಳುತ್ತದೆ. ಒಂದು ಬಿಲ್ಲೆ ಪುಕ್ಕಟೆ, ಬೆಲೆ ಸರಿ ಹೇಳಿದರೆ ಇನ್ನೂ ನಾಲ್ಕರವರೆಗೆ. ಹಗಲಿನ ಆಟದಲ್ಲಿ ನಡುವಿನ ಖಾನೆಗೆ 1998ರಿಂದ ಹತ್ತು ಸಾವಿರ ಡಾಲರ್. ಅದರ ಎರಡೂ ಪಕ್ಕ ಸೊನ್ನೆ. ಆ ಸೊನ್ನೆಯೇ ಆಟದ ಜೀವ. ನಮ್ಮ ಬಾಸ್‌ಗೆ ಇದು ಒಪ್ಪಿಗೆ ಆಗಲಿಲ್ಲ. "ಪಾಪ, ಪಕ್ಕದ್ದಕ್ಕೆ ಸಾವಿರ ಆದ್ರೂ ಇಡ್ರಿ" ಅಂದರು. ಇಟ್ಟೆವು. ಬಿಲ್ಲೆ ಪಕ್ಕಕ್ಕೆ ಬಿದ್ದರೆ ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು, ಮುಗಿಯಿತು. ಮಾರನೇ ಸಂಜೆ ಸೊನ್ನೆ ಬರೆದೆವು. ಬಿಲ್ಲೆ ನಡುವಿಗೆ ಬಂದು, ಕೊನೆಯ ಮೊಳೆಗೆ ತಾಗಿ, ಎಡಕ್ಕೆ ವಾಲಿತು. ಇಡೀ ಮಂಟಪ ಒಂದೇ ಉಸಿರಿಗೆ "ಅಯ್ಯೋ" ಅಂದಿತು. ನನ್ನ ಮೈ ಜುಮ್ಮೆಂದಿತು.

ಒಂದು ಮಾತು, ಹಲಗೆ ಮಾಡಿಸುವವರಿಗೆ. ರಸಮಟ್ಟ ಇಟ್ಟು ನೋಡಿ. ರಿಹರ್ಸಲ್‌ನಲ್ಲಿ ಹತ್ತಕ್ಕೆ ಎಂಟು ಬಿಲ್ಲೆ ಎಡಗಡೆಗೇ ಹೋಗುತ್ತಿದ್ದವು. ಹಲಗೆ ಸರಿ ಇತ್ತು, ಮಂಟಪದ ವೇದಿಕೆಯೇ ಓರೆ. ಮಡಚಿದ ಲಗ್ನಪತ್ರಿಕೆ ಕೆಳಗೆ ಕೊಟ್ಟು ಸರಿ ಮಾಡಿದೆವು. ಮೋಸ ಅಂತ ಒಬ್ಬರು ಅಂದರೂ ಸಾಕು, ಮುಂದಿನ ವರ್ಷ ಯಾರೂ ಬರುವುದಿಲ್ಲ.

ಈ ವರ್ಷ ಫ್ರಿಜ್ ಕೊಡುವ ಪ್ರಾಯೋಜಕರಿಗೆ ಕ್ವಿಜ್ ಬೇಕಂತೆ. ಇಲ್ಲ ಅನ್ನಲಾಗುತ್ತಾ? ಏಳು ಗಂಟೆಗೆ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ ಮೂರು ಪ್ರಶ್ನೆ ಇಟ್ಟಿದ್ದೇನೆ. ಆಮೇಲೆ ಕೋತಿ, ಚಕ್ರ, ಕೊನೆಗೆ ಹಲಗೆ.

ನಿನ್ನೆ ಗೋದಾಮಿನಿಂದ ಆಚಾರ್ರು ಫೋನ್ ಮಾಡಿದ್ದರು. ಕೋತಿಯ ಬಾಲವನ್ನು ಇಲಿ ಕಡಿದಿದೆಯಂತೆ. ಹಾಗೇ ಇಟ್ಟರೆ ನಡೆಯುತ್ತಾ ಅಂದೆ.

"ಬಾಲ ಇಲ್ದಿದ್ರೆ ಅರಸೀಕೆರೆಯೋರು ಕರಡಿ ಅಂತಾರೆ ಸಾರ್. ಹಗ್ಗದ್ದು ಒಂದು ಹಾಕ್ತೀನಿ ಬಿಡಿ."