ಎಲುಬನ್ನು ಕಸದ ಬುಟ್ಟಿಗೆ ಹಾಕಿದ ಡಯಟೀಷಿಯನ್

ನಾನು ತೀರ್ಥಹಳ್ಳಿ ಕಡೆಯವಳು, ಮೊಟ್ಟೆ ಕೂಡ ಮುಟ್ಟದ ಮನೆಯವಳು. ಕೆಲಸ ಸಿಕ್ಕಿದ್ದು ಕೆನಡಾದಲ್ಲಿ, ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದ ಜೇಮ್ಸ್ ಬೇ ಅನ್ನೋ ಕೊಲ್ಲಿಯ ದಡದಲ್ಲಿ, ಕ್ರೀ ಅನ್ನೋ ಮೂಲನಿವಾಸಿಗಳ ಒಂದು ಊರಿನ ಕ್ಲಿನಿಕ್‌ನಲ್ಲಿ. ಇಲ್ಲಿನ ಊಟ ಅಂದರೆ ಬೀವರ್ (ನೀರಲ್ಲಿ ಗೂಡು ಕಟ್ಟುವ, ಇಲಿ ಜಾತಿಯ ದೊಡ್ಡ ಪ್ರಾಣಿ), ಹೆಬ್ಬಾತು, ಮೂಸ್ ಅನ್ನೋ ದೊಡ್ಡ ಜಿಂಕೆ, ಕಾಡುಮೊಲ, ಮೀನು. ಇವರಿಗೆ ಪಥ್ಯ ಹೇಳೋದು ನಾನು!

ಮೊದಲ ವರ್ಷ ಮೇ ತಿಂಗಳ ಆರಂಭಕ್ಕೆ ಶುಗರ್ ಇರುವವರಿಗೆಲ್ಲ ದಿನ ಕೊಟ್ಟು ಕೂತೆ. ಒಬ್ಬರೂ ಬರಲಿಲ್ಲ. ಹೆಬ್ಬಾತುಗಳು ದಕ್ಷಿಣದಿಂದ ವಾಪಸ್ ಬರುವ ಕಾಲ ಅದು. ಎರಡು ವಾರ ಶಾಲೆಗೆ 'ಗೂಸ್ ಬ್ರೇಕ್' ರಜೆ, ಊರಿಗೆ ಊರೇ ಕಾಡಿನ ಕ್ಯಾಂಪಿಗೆ ಹೋಗಿರುತ್ತದೆ. ನರ್ಸ್ ಮೊದಲೇ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಎಲ್ಲರ ಹೆಸರಿನ ಮುಂದೆ 'ಗೈರು' ಅಂತ ಬೇರೆ ಬರೆದಿಟ್ಟೆ.

ನಿಜವಾದ ಎಡವಟ್ಟು ಆಗಿದ್ದು ಚಳಿಗಾಲದಲ್ಲಿ, ಒಬ್ಬ ಅಜ್ಜಿಯನ್ನು ನೋಡೋಕೆ ಅವರ ಮನೆಗೆ ಹೋದಾಗ. ಅವತ್ತು ಮೊಮ್ಮಗ ಬೀವರ್ ತಂದಿದ್ದ. ಅಜ್ಜಿ ಅದರ ಬಾಲವನ್ನು ಬೆಂಕಿಗೆ ಹಿಡಿದಿದ್ದರು. ಹುರುಪೆ ಹುರುಪೆಯಾದ ಕಪ್ಪು ಚರ್ಮ ಬೊಬ್ಬೆ ಎದ್ದು, ಬದನೆಕಾಯಿ ಸುಟ್ಟ ಹಾಗೆ ಸಿಪ್ಪೆ ಬಿಟ್ಟಿತು. ಒಳಗೆ ಬೆಳ್ಳಗೆ ಬರೀ ಕೊಬ್ಬು. ನನ್ನ ಕೈಲಿ 'ಕೊಬ್ಬು ಕಡಿಮೆ ಮಾಡಿ' ಅನ್ನೋ ಪಟ್ಟಿ ಇತ್ತು, ನೆರೆಮನೆಯವರ ಪಾಲು ಬೇರೆ ತೆಗೆದಿಡುತ್ತಿದ್ದ ಅಜ್ಜಿಗೆ ಅದನ್ನೇ ಓದಿ ಹೇಳಿದೆ. ಅವರು ನಕ್ಕು ಸುಮ್ಮನಾದರು. ಊಟ ಆದ ಮೇಲೆ, ತಿನ್ನದಿದ್ದರೂ ಕೈಯಾದರೂ ಹಾಕೋಣ ಅಂತ ತಟ್ಟೆಗಳನ್ನೆಲ್ಲ ಎತ್ತಿ ಎಲುಬು ಕಸದ ಬುಟ್ಟಿಗೆ ಸುರಿದೆ.

ಅಜ್ಜಿ ಎದ್ದು ಬಂದರು. ಬುಟ್ಟಿಗೆ ಕೈ ಹಾಕಿ ಒಂದೊಂದೇ ಎಲುಬು ಆರಿಸಿ, ಟೀ ಪುಡಿ ಒರೆಸಿ, ಬಟ್ಟೆ ಚೀಲಕ್ಕೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಆಮೇಲೆ ಮೊಮ್ಮಗ ಬಿಡಿಸಿ ಹೇಳಿದ: ಬೀವರ್ ಎಲುಬು ನಾಯಿ ಬಾಯಿಗೆ ಹೋಗಬಾರದು, ನೀರಿಗೆ ಬಿಡಬೇಕು, ಇಲ್ಲಾ ಮರಕ್ಕೆ ಕಟ್ಟಬೇಕು. ಬೋನು ಇಡೋದಷ್ಟೇ ಅವನ ಕೆಲಸವಂತೆ, ಪ್ರಾಣಿ ತಾನಾಗಿ ತನ್ನನ್ನು ಕೊಟ್ಟುಕೊಳ್ಳುತ್ತದೆ. ಮರ್ಯಾದೆ ಕೊಡದ ಮನೆಗೆ ಮತ್ತೆ ಬರಲ್ಲ.

ನಮ್ಮೂರಲ್ಲಿ ಉರುಳು ಅಂದರೆ ತೋಟದ ಬೇಲಿಗೆ ಕದ್ದು ಕಟ್ಟಿದ ತಂತಿ, ಅದಕ್ಕೆ ಸಿಕ್ಕಿ ನರಳೋ ಚಿರತೆ. ಆ ಕಣ್ಣಲ್ಲೇ ಇಲ್ಲಿನದನ್ನೂ ನೋಡುತ್ತಿದ್ದೆ. ಇಲ್ಲಿ ಲೆಕ್ಕವೇ ಬೇರೆ. ಕ್ರೀ ನೆಲದಲ್ಲಿ ಸುಮಾರು 300 ಬೇಟೆ ಜಾಗಗಳಿವೆ, ಒಂದೊಂದಕ್ಕೂ ಒಬ್ಬ ಯಜಮಾನ. ಇಂಗ್ಲಿಷಿನಲ್ಲಿ ಅವನನ್ನು ಟ್ಯಾಲಿಮನ್ ಅಂತಾರೆ, ಬೀವರ್ ಗೂಡು ಎಣಿಸಿ ಸರ್ಕಾರಕ್ಕೆ ಲೆಕ್ಕ ಕೊಡುತ್ತಿದ್ದುದರಿಂದ ಬಂದ ಹೆಸರು. ಹೊರಗಿನವರು ತುಪ್ಪಳದ ಆಸೆಗೆ ಬಂದು ದೋಚಿ, 1930ರ ಹೊತ್ತಿಗೆ ಇಲ್ಲಿ ಬೀವರ್ ಹೆಚ್ಚುಕಮ್ಮಿ ಖಾಲಿಯಾಗಿತ್ತು. ಆಮೇಲೆ ಮೀಸಲು ಪ್ರದೇಶ ಮಾಡಿ, ಗೂಡು ಎಣಿಸಿ, ಮತ್ತೆ ಬೆಳೆಸಿದರು. ಈಗಲೂ ಒಂದು ಕಡೆ ಹಿಡಿದರೆ ಆ ಜಾಗಕ್ಕೆ ಕೆಲವು ವರ್ಷ ಬಿಡುವು ಕೊಡೋದುಂಟು. ನಾವು ಗದ್ದೆ ಬೀಳು ಬಿಟ್ಟ ಹಾಗೆ.

ಹಾಗಂತ ಕಾಡಿನದೆಲ್ಲ ಕಣ್ಣು ಮುಚ್ಚಿ ತಿನ್ನಿ ಅಂತಲೂ ನಾನು ಹೇಳಲ್ಲ. 1970ರ ದಶಕದಲ್ಲಿ ಇಲ್ಲಿನ ಲಾ ಗ್ರಾಂಡ್ ನದಿಗೆ ಅಣೆಕಟ್ಟು ಕಟ್ಟಲು ಶುರು ಮಾಡಿದರು. ಮುಳುಗಿದ ಕಾಡು ಕೊಳೆತಾಗ ಮಣ್ಣಿನ ಪಾದರಸ ಮೀನಿಗೆ ಸೇರಿತು. ದೊಡ್ಡ ಪೈಕ್ ಮೀನಿನ ಬಗ್ಗೆ ಗರ್ಭಿಣಿಯರಿಗೆ ಈಗಲೂ ಎಚ್ಚರಿಕೆ ಹೇಳಲೇಬೇಕು. ಅದರಲ್ಲಿ ಮೀನಿನದಾಗಲಿ, ಹಿಡಿದವರದಾಗಲಿ ಏನು ತಪ್ಪು?

ನನ್ನ ಪಟ್ಟಿ ಬದಲಾಯಿಸಿದೆ. ಮೊದಲು 'ನಿನ್ನೆ ಏನು ತಿಂದಿರಿ' ಅಂತಿತ್ತು. ಈಗ ಮೊದಲ ಪ್ರಶ್ನೆ 'ನಿಮ್ಮ ಮನೆಯಿಂದ ಕಾಡಿಗೆ ಹೋಗುವವರು ಯಾರು'. ಉತ್ತರ 'ಯಾರೂ ಇಲ್ಲ' ಅಂತ ಬಂದರೆ ಪೆಪ್ಸಿ, ಚಿಪ್ಸಿನ ಬಗ್ಗೆ ಜಾಸ್ತಿ ಕೇಳುತ್ತೇನೆ. ಬೀವರ್ ಕೊಬ್ಬಿನ ತಂಟೆಗೆ ಹೋಗುವುದಿಲ್ಲ. ಗೂಸ್ ಬ್ರೇಕ್‌ನಲ್ಲಿ ಕ್ಯಾಲೆಂಡರ್ ಖಾಲಿ.

ಹೋದ ತಿಂಗಳು ಅಜ್ಜಿ ಚೀಲ ಕೈಗಿಟ್ಟರು. "ತಿನ್ನೋದಂತೂ ಇಲ್ಲ ನೀನು, ಇದನ್ನಾದರೂ ಕಟ್ಟಿ ಬಾ." ಮೈನಸ್ 25ರ ಚಳಿಯಲ್ಲಿ ಗ್ಲೌಸ್ ತೆಗೆದು ಸ್ಪ್ರೂಸ್ ಕೊಂಬೆಗೆ ಕಟ್ಟಿದೆ. ಗಂಟು ನಿಲ್ಲಲಿಲ್ಲ. ಮೊಮ್ಮಗ ನಗುತ್ತಾ ಬಂದು ಬಿಚ್ಚಿ ಮತ್ತೆ ಕಟ್ಟಿದ.