ಮಾವನ ರೋಡ್‌ಕಿಂಗ್: ಎಂಜಿನ್ ಬಿಚ್ಚಿದ ಮೇಲೆ

ಅಂತೂ ಎಂಜಿನ್ ಒಳಗೆ ಸಿಕ್ಕಿಕೊಂಡಿದ್ದ ಪಿಸ್ಟನ್ ಅಲ್ಲಾಡಿತು. ಹನ್ನೊಂದು ದಿನ ಬೇಕಾಯಿತು.

ಬದಿಯಡ್ಕದ ಮಾವನ ಮನೆಯ ಕೊಟ್ಟಿಗೆಯಲ್ಲಿ ಈ ಯೆಜ್ಡಿ ರೋಡ್‌ಕಿಂಗ್ ಬೈಕ್ ಹದಿನೆಂಟು ಮಳೆಗಾಲ ಗೋಣಿ ಹೊದ್ದು ನಿಂತಿತ್ತು. "ಬಿಳಿ ಹೊಗೆ ಬರ್ತಿತ್ತು ಮಾರಾಯ, ಪಿಸ್ಟನ್ ಹೋಗಿದೆ" ಅಂತ ಮಾವ ಅಂದೇ ತೀರ್ಪು ಕೊಟ್ಟಿದ್ದರು. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಇನ್ನು ಯಾರು ರಿಪೇರಿ ಮಾಡ್ತಾರೆ ಅಂತ ಬಿಟ್ಟುಬಿಟ್ಟಿದ್ದರು.

ಸಿಕ್ಕಿಕೊಂಡದ್ದು ಸಡಿಲಾಗಲಿ ಅಂತ ಪ್ಲಗ್ ತೂತಿನಿಂದ ದಿನಾ ಸ್ವಲ್ಪ ಸ್ವಲ್ಪ ಡೀಸೆಲ್ ಬಿಟ್ಟೆ. ಕಿಕ್ ಮೇಲೆ ಹತ್ತಿ ಕುಣಿಯಲಿಲ್ಲ. ಇದರಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್, ಒಳಗೆ ಏನಾದರೂ ಮುರಿದರೆ ಇನ್ನೊಂದು ತಲೆನೋವು. ಕೊನೆಗೆ ಎಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್ ತೆಗೆದು, ಪಿಸ್ಟನ್ ಮೇಲೆ ಹಲಸಿನ ಮರದ ತುಂಡು ಇಟ್ಟು ಮೆಲ್ಲ ಬಡಿದಾಗ ಕದಲಿತು. ಬಿಚ್ಚಿದ ನಟ್ಟು ಬೋಲ್ಟುಗಳೆಲ್ಲ ಅಡಿಕೆ ಹಾಳೆಗಳಲ್ಲಿ, ಒಂದೊಂದು ಭಾಗಕ್ಕೆ ಒಂದೊಂದು ಹಾಳೆ. ಇದಕ್ಕಿಂತ ಒಳ್ಳೆ ಟ್ರೇ ನನಗೆ ಗೊತ್ತಿಲ್ಲ.

ಪಿಸ್ಟನ್ ಸುತ್ತಲಿನ ರಿಂಗ್ ನಿಂತಿದ್ದಲ್ಲಿ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಸುತ್ತ ತುಕ್ಕಿನ ಬಳೆ ಆಗಿತ್ತು. ಉಗುರು ಎಳೆದರೆ ತಡೆಯುತ್ತದೆ. ಆದರೆ ಅದು ನಿಂತು ನಿಂತು ಆದದ್ದು. ಪಿಸ್ಟನ್ ಮೇಲೆ ಗೀರು ಜಾಸ್ತಿ ಇಲ್ಲ. ಮತ್ತೆ ಆ ಹೊಗೆ ಎಲ್ಲಿಂದ?

ಊಟಕ್ಕೆ ಕೂತಾಗ ಮಾವ ಸುಮ್ನೆ ಒಂದು ಮಾತು ಹೇಳಿದರು: "ಗೇರ್ ಆಯಿಲ್ ಆಗಾಗ ಹಾಕ್ಬೇಕಿತ್ತು. ಕೆಳಗೆ ಮಾತ್ರ ಒಂದು ಹನಿ ಸೋರ್ತಿರಲಿಲ್ಲ."

ಅರ್ಧ ಊಟಕ್ಕೆ ಎದ್ದುಹೋಗುವಂತಾಯಿತು. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಗೂಡು, ಅಂದರೆ ಕ್ರ್ಯಾಂಕ್ ಕೇಸ್, ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಒಳಗೆ ಬರದಂತೆ ತಡೆಯುವ ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರ್ ಆಯಿಲನ್ನೂ ಎಳೆದು ಸುಡುತ್ತದೆ. ಹಾಗಾಗಿ ಕೆಳಗೆ ಸೋರುವುದಿಲ್ಲ, ಸೈಲೆನ್ಸರ್‌ನಲ್ಲಿ ಹೊಗೆಯಾಗಿ ಹೋಗುತ್ತದೆ. ಕೇಸ್ ಬಿಡಿಸಿ ಸೀಲ್ ತೆಗೆದೆ. ಬೆರಳಲ್ಲಿ ಬಗ್ಗಿಸಿದ್ದೇ ತಡ, ಹಪ್ಪಳದ ಹಾಗೆ ಪಟ್ಟನೆ ಮುರಿಯಿತು. ಹೊಸದರ ಬೆಲೆ ಎರಡು ಚಾ, ಒಂದು ಪ್ಲೇಟ್ ಗೋಳಿಬಜೆಯಷ್ಟು.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದೆ, ಸಡಿಲ ಆಗಿಲ್ಲ. ಪುಣ್ಯ. ಇಲ್ಲದಿದ್ದರೆ ಕ್ರ್ಯಾಂಕ್ ಪ್ರೆಸ್‌ಗೆ ಕೊಡಬೇಕಿತ್ತು, ಆ ಖರ್ಚೇ ಬೇರೆ.

ಬೋರ್ ಇರುವ ಬ್ಲಾಕನ್ನು ಕೊರೆದು ಅಗಲ ಮಾಡಿಸಲು ಕಾಸರಗೋಡಿನ ಲೇತ್‌ಗೆ ಒಯ್ದೆ. ಮೂಲ ಬೋರ್ 65 ಮಿ.ಮೀ. "0.25 ತೆಗೆದ್ರೆ ತುಕ್ಕಿನ ಗುಳಿ ಹೋಗುದಿಲ್ಲ, 0.50 ಹಾಕುವ" ಅಂದರು ಅಲ್ಲಿನ ಅಣ್ಣ, ಮಲಯಾಳ ಬೆರೆಸಿದ ಕನ್ನಡದಲ್ಲಿ. ಸರಿ ಅಂದೆ. ಆ ಅಳತೆಯ ಪಿಸ್ಟನ್ ಮಂಗಳೂರಿನಲ್ಲಿ ಸಿಕ್ಕಿತು.

ಇನ್ನು ನನ್ನ ದಡ್ಡತನ. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗಿನ ಬಾಯಿ ಪೋರ್ಟಿಗೆ (ಬೋರ್ ಗೋಡೆಯ ಕಿಂಡಿಗೆ) ಸಿಕ್ಕಿಬೀಳದಂತೆ, ರಿಂಗ್ ಕೂರುವ ಗ್ರೂವ್ ಒಳಗೆ ಸಣ್ಣ ಪಿನ್ ಇರುತ್ತದೆ. ರಿಂಗಿನ ಬಾಯಿ ಅದಕ್ಕೆ ಸರಿಯಾಗಿ ಕೂತಿದೆಯಾ ಅಂತ, ಗೊತ್ತಿದ್ದೂ ಅವಸರದಲ್ಲಿ ನೋಡಲಿಲ್ಲ. ಬ್ಲಾಕ್ ಇಳಿಸುವಾಗ ಟಿಕ್ ಅಂತು. ಮೇಲಿನ ರಿಂಗ್ ಎರಡು ತುಂಡು. ಹೊಸ ಬೋರ್‌ಗೆ ಗೀರು ಬೀಳಲಿಲ್ಲ, ಅಷ್ಟೇ ಸಮಾಧಾನ.

ಹೊಸ ರಿಂಗ್ ಗುರುವಾರ ಬರುತ್ತದೆ. ಅಲ್ಲಿವರೆಗೆ ಕಾರ್ಬ್ಯುರೇಟರ್ ತೊಳೆಯುತ್ತೇನೆ. ಮಾವ ಈಗಲೇ ಒಂದು ಲೀಟರ್ ಗೇರ್ ಆಯಿಲ್ ತಂದಿಟ್ಟಿದ್ದಾರೆ, ಜೊತೆಗೆ ಇನ್ನೊಂದು ಲೀಟರ್ ಟಾಪ್ ಅಪ್‌ಗೆ.