ಚಳಿಗಾಲದಲ್ಲಿ ಮುಖಕ್ಕೆ ಎಣ್ಣೆ ಮಸಾಜ್

ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದರ ಗುಣವೇ ಹಾಗೆ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿ. ಮೊಡವೆ ಏಳುವ ಚರ್ಮಕ್ಕೆ ಮಾತ್ರ ಈ ಎಣ್ಣೆ ಬೇಡ, ರಂಧ್ರ ಮುಚ್ಚುತ್ತದೆ.

ಕೈ, ಮುಖ ತೊಳೆದು ನಾಲ್ಕೈದು ಹನಿ ಸವರಿ. ಶುರು ಕತ್ತಿನಿಂದ: ಕಿವಿಯ ಹಿಂದಿನಿಂದ ಕೊರಳೆಲುಬಿನ ಕಡೆಗೆ ಹಗುರವಾಗಿ 5 ಸಲ ಇಳಿಸಿ. ನಾಡಿ ಬಡಿಯುವ ಜಾಗ ಒತ್ತಬೇಡಿ. ಮುಖದಲ್ಲಿ ನಿಂತ ನೀರು ಇಳಿಯುವ ದಾರಿ ಇದು, ಬೆಳಗಿನ ಊತಕ್ಕೆ ಒಳ್ಳೆಯದು. ಆಮೇಲೆ ಕೆನ್ನೆ, ಮೂಗಿನ ಪಕ್ಕದಿಂದ ಕಿವಿಯತ್ತ. ಹಣೆ, ನಡುವಿನಿಂದ ಕಣತಲೆಯತ್ತ.

ದವಡೆಗೆ ಹೆಚ್ಚು ಹೊತ್ತು ಕೊಡಿ. ಹಲ್ಲು ಕಚ್ಚಿದಾಗ ಕಿವಿಯ ಮುಂದೆ, ಸ್ವಲ್ಪ ಕೆಳಗೆ ಒಂದು ಸ್ನಾಯು ಉಬ್ಬುತ್ತದಲ್ಲ, ದಿನದ ಬಿಗಿತವೆಲ್ಲ ಅಲ್ಲೇ ಕೂತಿರುತ್ತದೆ. ಬಾಯಿ ತುಸು ತೆರೆದು, ಎರಡು ಬೆರಳಿನಿಂದ ಒಂದು ನಿಮಿಷ ನಿಧಾನವಾಗಿ ಸುತ್ತಿಸಿ. ಕಣ್ಣಿನ ಕೆಳಗೆ ಉಂಗುರ ಬೆರಳಲ್ಲಿ ಬರೀ ತಟ್ಟಿ, ಎಳೆಯಬೇಡಿ.

ಬೆರಳು ಜಾರದೆ ಚರ್ಮ ಎಳೆದಂತಾದರೆ ಎಣ್ಣೆ ಸಾಲದು ಎಂದರ್ಥ; ಹಾಗೇ ಉಜ್ಜಿದರೆ ಕೆಂಪಾಗಿ ಉರಿಯುತ್ತದೆ. ಕೀವು ತುಂಬಿದ ಮೊಡವೆಯನ್ನು ಮುಟ್ಟಲೇಬೇಡಿ. ಸುಕ್ಕು ಅಳಿಸಿಹೋಗುತ್ತದೆ ಎಂಬ ಮಾತು ನಂಬಬೇಡಿ. ರಕ್ತ ಹರಿದು ಬರುವ ಕಳೆ ಸ್ವಲ್ಪ ಹೊತ್ತಿನದು. ಮಲಗುವ ಮುಂಚೆ 8 ನಿಮಿಷ ಸಾಕು, ಉಳಿದ ಎಣ್ಣೆಯನ್ನು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ.